ತೂತಿಲ್ಲದ ಕುಂಡ

ಪ್ಯಾಂಟಿನ ಮಡಿಕೆಯ ಮೇಲೆ ಒದ್ದೆ ಬಟ್ಟೆ ಹಾಸಿ, ಇಸ್ತ್ರಿ ಪೆಟ್ಟಿಗೆಯನ್ನು ಇನ್ನೇನು ಇಡಬೇಕು ಎನ್ನುವಷ್ಟರಲ್ಲಿ ಯಾರೋ ಮೊಣಕೈ ಜಗ್ಗಿದರು. ಯಾರೋ ಏನು, ಆ ಮನೆಯಲ್ಲಿ ಕರೆಯುವ ಬದಲು ಜಗ್ಗುವವಳು ಒಬ್ಬಳೇ. ಅಮ್ಮ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಅಭ್ಯಾಸದಂತೆ ಸೊಂಟ ಬಗ್ಗಿಸಿ ಕಿವಿ ಕೊಟ್ಟಳು.

"ಇನ್ನೊಂದು ಬಿತ್ತು" ಎಂದಿತು ಬಿಸಿಯುಸಿರು.

ಮಗಳ ಅಂಗೈಯಲ್ಲಿ ಮನಿ ಪ್ಲಾಂಟಿನ ಎಲೆ. ಶಾಲೆಯಿಂದ ಬಂದಾಗ ಎಣ್ಣೆ ಸವರಿದಂತೆ ಹೊಳೆಯುತ್ತಿದ್ದ ಗಿಡದ್ದು. ಈಗ ಹಣ್ಣಾದ ಬಾಳೆಯ ಸಿಪ್ಪೆಯ ಬಣ್ಣ. ಅಂಚಿನಲ್ಲಿ ಚಹಾ ಚೆಲ್ಲಿದಂಥ ಕಂದು ಕಲೆ. ಹುಡುಗಿಯ ಕೆಳತುಟಿ ಅಲುಗುತ್ತಿತ್ತು. ಅಮ್ಮ ಇಸ್ತ್ರಿಯ ಸ್ವಿಚ್ಚನ್ನೇ ಆರಿಸಿದಳು. ಪ್ಯಾಂಟು ಕಾಯುತ್ತದೆ, ತುಟಿ ಕಾಯುವುದಿಲ್ಲ.

ಈ ಹುಡುಗಿಗೆ ಪಿಸುಗುಬ್ಬಿ ಎಂದು ಹೆಸರಿಟ್ಟವರು ತಾತ. ಅವಳ ಬಾಯಲ್ಲಿ ಮಾತಿಗೇನೂ ಬರವಿರಲಿಲ್ಲ. ಆದರೆ ಅದೆಲ್ಲ ಅಮ್ಮನ ಕಿವಿಗೆ ಮೀಸಲು. ಅಂಗಡಿಯಲ್ಲಿ ಯಾವ ಬಣ್ಣದ ರಿಬ್ಬನ್ ಬೇಕು, ಡಾಕ್ಟರ ಮುಂದೆ ಎಲ್ಲಿ ನೋವು, ನೆಂಟರ ಮನೆಯಲ್ಲಿ ಬಚ್ಚಲು ಎಲ್ಲಿ, ಎಲ್ಲವನ್ನೂ ಕಿವಿಯಲ್ಲಿ ಉಸುರುತ್ತಿದ್ದಳು. ಅಮ್ಮ ಗಟ್ಟಿಯಾಗಿ ಹೇಳುತ್ತಿದ್ದಳು. ಮಗಳು ಬೆಳೆದಂತೆ ಬಗ್ಗಬೇಕಾದ ಸೊಂಟದ ಕೋನವಷ್ಟೇ ಕಮ್ಮಿಯಾಗುತ್ತಿತ್ತು. ಶಾಲೆಯಲ್ಲಿ ಮಾತ್ರ ಬಗ್ಗುವವರು ಯಾರೂ ಇರಲಿಲ್ಲ. ಒಮ್ಮೆ ಪೆನ್ಸಿಲಿನ ಮೊನೆ ಮುರಿದು, ಇನ್ನೊಂದು ಕೇಳಲಾರದೆ, ಗಣಿತದ ಗಂಟೆಯುದ್ದಕ್ಕೂ ಬರಿಯ ಕೈಯಲ್ಲೇ ಬರೆಯುವಂತೆ ನಟಿಸಿ ಮನೆಗೆ ಬಂದಿದ್ದಳು. ಆ ಸಂಜೆ ಖಾಲಿ ಪುಟ ನೋಡಿದ ಅಮ್ಮನಿಗೆ ಊಟ ಸೇರಲಿಲ್ಲ.

"ಬುದ್ಧಿವಂತೆ" ಎಂದಿದ್ದರು ಟೀಚರು. "ಕೇಳಿದ್ದಕ್ಕೆ ತಲೆಯಾಡಿಸಿ ಉತ್ತರ ಹೇಳ್ತಾಳೆ. ಆದ್ರೆ ಅವಳಾಗಿ ಒಂದು ಪ್ರಶ್ನೆ ಕೇಳಿದ್ದು ನಾನಿನ್ನೂ ಕೇಳಿಲ್ಲ. ಗೊತ್ತಿಲ್ಲದ್ದನ್ನ ಹೊಟ್ಟೇಲಿಟ್ಟುಕೊಂಡು ಎಷ್ಟು ದಿನ ಅಂತ ಕೂತಿರ್ತಾಳೆ, ಹೇಳಿ?"

ಬಯ್ಗುಳವಲ್ಲ ಅದು, ಅಕ್ಕರೆಯೇ. ರಜೆಗೆ ಗಿಡವನ್ನು ಮನೆಗೆ ಯಾರು ಒಯ್ಯುತ್ತೀರಿ ಎಂದಾಗ ತರಗತಿಯ ಕೈಗಳೆಲ್ಲ ಮೇಲೆದ್ದಿದ್ದರೂ, ಎತ್ತದ ಆ ಒಂದು ಕೈಗೇ ಟೀಚರು ಗಿಡ ಕೊಟ್ಟಿದ್ದರು. ಹಳೆಯ ಬಾಟಲಿಯಲ್ಲಿ ಬೆಳೆದಿದ್ದ ಬಳ್ಳಿಯನ್ನು ಆಗಷ್ಟೇ ಮಣ್ಣು ತುಂಬಿದ ಬಿಳಿಯ ಪಿಂಗಾಣಿ ಕುಂಡಕ್ಕೆ ಇಳಿಸಿದ್ದರು. ಕುಂಡದ ಸುತ್ತ ಮಕ್ಕಳೆಲ್ಲ ಹೆಬ್ಬೆರಳನ್ನು ಬಣ್ಣಕ್ಕದ್ದಿ ಒತ್ತಿದ್ದರು. ಅದರಲ್ಲಿ, ಅಡಿಯ ಅಂಚಿಗೆ, ಯಾರ ಕಣ್ಣಿಗೂ ಬೀಳದಂತೆ ಒತ್ತಿದ ಪುಟ್ಟ ಹಸಿರು ಗುರುತು ಗುಬ್ಬಿಯದು.

ಆ ಗಿಡ ಈಗ ಕಿಟಕಿಯ ಬಳಿ ತಲೆ ಬಾಗಿಸಿ ನಿಂತಿತ್ತು. ಶಾಲೆ ತೆರೆಯುವ ದಿನ ಸರಸರ ಹತ್ತಿರ ಬರುತ್ತಿತ್ತು.

ಮೊದಲು ಬಂದವರು ತಾತ. ಜೀವಮಾನವೆಲ್ಲ ಬಸ್ಸು ಓಡಿಸಿದವರು. ಜಗತ್ತಿನಲ್ಲಿ ಕೆಟ್ಟು ನಿಂತದ್ದೆಲ್ಲ ಅವರಿಗೆ ಬಸ್ಸೇ. ಕನ್ನಡಕ ಏರಿಸಿ, ಗಿಡದ ಸುತ್ತ ಒಂದು ಸುತ್ತು ಹಾಕಿ, "ರೇಡಿಯೇಟರ್ ಒಣಗಿದೆ" ಎಂದು ತೀರ್ಪು ಕೊಟ್ಟರು. "ಇಂಜಿನ್ ಬಿಸಿಯಾದ್ರೆ ಗಾಡಿ ಹೀಗೇ ಮುಖ ಜೋಲು ಹಾಕ್ಕೊಂಡು ನಿಲ್ಲೋದು. ಒಂದು ಲೋಟ ನೀರು ಬಿಡಿ, ಹೊರಡುತ್ತೆ."

"ಅಪ್ಪಾ, ಅದು ಬಸ್ಸಲ್ಲ" ಎಂದಳು ಅತ್ತೆ. ಅವಳು ಗುಬ್ಬಿಗೆ ಸೋದರತ್ತೆ. ಕ್ಲಿನಿಕ್ಕೊಂದರಲ್ಲಿ ರೋಗಿಗಳನ್ನು ಸಾಲಾಗಿ ಒಳಗೆ ಬಿಡುವುದು ಅವಳ ಕೆಲಸ, ಮನೆಗೆ ಬಂದ ಮೇಲೆ ಮಾತ್ರ ತಾನೇ ಡಾಕ್ಟರು. "ರಕ್ತ ಕಮ್ಮಿಯಾದವರ ಮುಖ ನೋಡಿಲ್ವಾ? ಇದೇ ಬಣ್ಣ. ಇದಕ್ಕೆ ಟಾನಿಕ್ ಬೇಕು."

"ನಿಂಗೆ ಎಲ್ಲದಕ್ಕೂ ಟಾನಿಕ್ಕೇ. ಮಂಡಿ ನೋವು ಅಂದ್ರೂ ಅದೇ ಬಾಟ್ಲಿ, ಮನಸ್ಸು ಸರಿಯಿಲ್ಲ ಅಂದ್ರೂ ಅದೇ ಬಾಟ್ಲಿ."

"ಒಂದು ದಿನ ಕುಡಿದಿದ್ದೀಯಾ? ಸಿಂಕಿಗೆ ಸುರೀತೀಯ. ನಂಗೇನು ಗೊತ್ತಾಗಲ್ಲ ಅಂದ್ಕೊಂಡ್ಯಾ?"

"ಸಿಂಕಿಗೆ ನಾನ್ಯಾವತ್ತೂ ಸುರಿದಿಲ್ಲ" ಎಂದರು ತಾತ, ಇದ್ದಕ್ಕಿದ್ದಂತೆ ಬಹಳ ಗಂಭೀರವಾಗಿ.

ಅಷ್ಟರಲ್ಲಿ ಬೇಕರಿಯ ಕೆಲಸ ಮುಗಿಸಿ ಗುಬ್ಬಿಯ ಅಪ್ಪ ಬಂದ. ಹುಬ್ಬಿನ ಮೇಲೂ ಮೈದಾ. ಬಾಗಿಲಲ್ಲೇ ನಿಂತು, "ಪಾಪ, ಬಾಯಾರಿದೆ ಕಣ್ರೋ. ನೋಡಿದ್ರೇ ಗೊತ್ತಾಗಲ್ವಾ?" ಎಂದ.

ಮೂವರೂ ಏನಾದರೊಂದು ಸುರಿಯುವ ಕಡೆಗೇ ವಾಲಿದ್ದರು. ಗುಬ್ಬಿ ಮಾತ್ರ ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದಳು. ಅವಳ ಬಾಯಿ ತೆರೆಯಿತು, ಮುಚ್ಚಿತು. ಅಮ್ಮ ಅದನ್ನು ಕಂಡಳು.

"ಎಲ್ರೂ ಸ್ವಲ್ಪ ಸುಮ್ನಿರಿ" ಎಂದಳು. "ನಾವಿಬ್ರು ಮೊದ್ಲು ಮುಟ್ಟಿ ನೋಡ್ತೀವಿ."

ಅಮ್ಮನ ಕಸುಬು ಬಟ್ಟೆ ಸರಿಪಡಿಸುವುದು. ರೆಡಿಮೇಡ್ ಅಂಗಡಿಯಿಂದ ಸರಿಹೊಂದದ ಉಡುಪುಗಳು ಗಂಟುಗಟ್ಟಲೆ ಮನೆಗೆ ಬರುತ್ತವೆ. ಭುಜದಲ್ಲಿ ಸುಕ್ಕು ಬಿದ್ದಿದೆ ಎಂದು ಭುಜವನ್ನೇ ಬಿಚ್ಚಿದರೆ ಬಟ್ಟೆ ಹಾಳು. ಕಂಕುಳ ಕೆಳಗೆಲ್ಲೋ ಒಂದು ಹೊಲಿಗೆ ಬಿಗಿಯಾಗಿರುತ್ತದೆ. ಹಾಗಾಗಿ ಏನೇ ಕೈಗೆ ಬಂದರೂ ಸುಕ್ಕಿನಿಂದ ಶುರುಮಾಡಿ ಎಳೆತ ಹುಡುಕುತ್ತಾ ಹೋಗುವುದು ಅವಳ ಪದ್ಧತಿ. ಎಲೆಯನ್ನೂ ಹಾಗೆಯೇ ಹಿಡಿದಳು.

ಸೂಜಿಗೆ ದಾರ ಪೋಣಿಸುವಾಗ ಬಳಸುವ ಭೂತಗನ್ನಡಿ ತಂದು ಮಗಳ ಕೈಗೆ ಕೊಟ್ಟಳು. ಇಬ್ಬರೂ ನೆಲದ ಮೇಲೆ ಕೂತು ಎಲೆಯ ಬೆನ್ನು ತಿರುವಿದರು. ಬಿಳಿಯ ಹತ್ತಿಯಿಂದ ಒರೆಸಿದರು. ಹತ್ತಿ ಬೆಳ್ಳಗೇ ಇತ್ತು. ಬಲೆಯಿಲ್ಲ, ಅಂಟಿಲ್ಲ, ಓಡಾಡುವ ಚುಕ್ಕೆಯಿಲ್ಲ.

"ಹುಳ ಅಲ್ಲ" ಎಂದು ಗುಬ್ಬಿ ಉಸುರಿದಳು. "ಬಿಸಿಲಾ?"

"ಬಿಸಿಲು ಸುಟ್ಟಿದ್ರೆ ಯಾವ ಎಲೆ ಮೊದ್ಲು ಸುಡಬೇಕು?"

ಗುಬ್ಬಿ ಕಿಟಕಿ ನೋಡಿದಳು, ಗಿಡ ನೋಡಿದಳು. ಕಿಟಕಿಗೆ ಮುಖ ಮಾಡಿದ ಎಲೆಗಳು ಇನ್ನೂ ಹಸಿರಾಗಿದ್ದವು. ಹಳದಿಯಾದವು ಬುಡದ ಹಳೆಯ ಎಲೆಗಳು, ಎಲ್ಲ ದಿಕ್ಕಿನವೂ. ಕಂದು ಕಲೆಯನ್ನು ಬೆರಳಿಂದ ಒತ್ತಿದಳು. ಸುಟ್ಟ ಕಾಗದದಂತೆ ಪುಡಿಯಾಗಲಿಲ್ಲ. ನೆನೆದ ಬ್ರೆಡ್ಡಿನಂತೆ ಮೆತ್ತಗಿತ್ತು. ಅವಳು ಇಲ್ಲವೆಂದು ತಲೆಯಾಡಿಸಿದಳು.

"ಹಸಿವು?"

"ಹೊಸ ಮಣ್ಣು, ಈಗ ತಾನೇ ಹಾಕಿದ್ದು. ಇಷ್ಟು ಬೇಗ ಹಸಿವಾಗಲ್ಲ. ಇನ್ನೇನು ಉಳೀತು?"

"ನೀರು."

"ಕಮ್ಮಿನೋ, ಜಾಸ್ತಿನೋ? ಬೆರಳನ್ನೇ ಕೇಳು."

ಗುಬ್ಬಿ ತೋರುಬೆರಳನ್ನು ಮಣ್ಣಿಗೆ ಚುಚ್ಚಿದಳು. ಹೊರಗೆ ಬಂದಾಗ ಬೆರಳಿಗೆ ಕಪ್ಪು ಕೆಸರು ಕೈಗವಸಿನಂತೆ ಅಂಟಿತ್ತು. ಅವಳ ಕಣ್ಣು ಅಗಲವಾದವು. ಅಷ್ಟು ಒದ್ದೆ ಮಣ್ಣಲ್ಲಿ ನಿಂತು ಬಾಯಾರಿದವರಂತೆ ಬಾಡುವುದೇ?

"ನಿನ್ನ ಬಾಯಿ ತುಂಬ ನೀರಿದ್ದು, ನುಂಗೋ ಮೊದ್ಲೇ ಇನ್ನೊಬ್ರು ಬಂದು ಸುರಿದ್ರೆ?" ಎಂದಳು ಅಮ್ಮ. "ಬೇರಿಗೂ ಉಸಿರಾಡ್ಬೇಕು, ಬಂಗಾರ. ಉಸಿರು ಕಟ್ಟಿದ ಬೇರು ಏನನ್ನೂ ಕುಡಿಯಲ್ಲ. ಆಗ ಎಲೆ ನೀರಿನ ಮಧ್ಯೆ ನಿಂತೇ ಬಾಯಾರುತ್ತೆ."

ಹಳೆಯ ಪತ್ರಿಕೆ ಹಾಸಿ, ಕುಂಡವನ್ನು ನಿಧಾನವಾಗಿ ಓರೆ ಮಾಡಿದಳು. ಗಿಡ ಬರುವ ಮೊದಲು ನೀರು ಬಂತು. ಅದರ ಹಿಂದೆಯೇ, ಎಂದೋ ಮರೆತ ಹೂದಾನಿಯ ವಾಸನೆ. ಪತ್ರಿಕೆ ನೆನೆದು, ನೆಲ ನೆನೆದು, ಅಪ್ಪ ಕಾಲು ಮೇಲೆತ್ತಿಕೊಂಡ. ಬೇರುಗಳು ಕಪ್ಪಗೆ ಜೋತಾಡುತ್ತಿದ್ದವು. ಒಂದನ್ನು ಎಳೆದರೆ ಸಿಪ್ಪೆ ಅಂಗಿಯ ತೋಳಿನಂತೆ ಕಳಚಿ, ಒಳಗೆ ದಾರದಂಥ ಎಳೆಯಷ್ಟೇ ಉಳಿಯಿತು. ಕೊಳೆತದ್ದರ ನಡುವೆ ಅಲ್ಲೊಂದು ಇಲ್ಲೊಂದು ಗಟ್ಟಿಮುಟ್ಟಾದ ಬಿಳಿಯ ಬೇರು.

"ಇಷ್ಟು ನೀರು ಎಲ್ಲಿಂದ ಬಂತು?" ಎಂದಳು ಅಮ್ಮ. "ನಾನಂತೂ ಇದಕ್ಕೆ ಹನಿ ಹಾಕಿಲ್ಲ. ಟೀಚರು ಹೇಳಿದಷ್ಟೇ ಗುಬ್ಬಿ ಹಾಕ್ತಾಳೆ."

ತಾತ ಕಿಟಕಿಯಾಚೆ ಏನನ್ನೋ ಹುಡುಕತೊಡಗಿದರು. ಅತ್ತೆ ಉಗುರು ನೋಡಿಕೊಂಡಳು. ಅಪ್ಪ ಹುಬ್ಬಿನ ಮೈದಾ ಒರೆಸಿಕೊಂಡ. ಗುಬ್ಬಿ ಅಮ್ಮನ ಕುತ್ತಿಗೆಗೆ ಕೈ ಹಾಕಿ ಕಿವಿಯಲ್ಲಿ ಬಹಳ ಹೊತ್ತು ಪಿಸುಗುಟ್ಟಿದಳು. ಅಮ್ಮನ ಹುಬ್ಬು ಮೇಲೇರುತ್ತಲೇ ಹೋಯಿತು.

"ಕೆಲಸಕ್ಕೆ ಹೋಗೋ ಮುಂಚೆ ಒಂದು ಲೋಟ" ಎಂದಳು, ಗಂಡನ ಕಡೆ ನೋಡಿ.

"ಅದು... ಮಗು ಮರೆತುಬಿಟ್ರೆ ಶಾಲೇಲಿ ಅವಳಿಗೆ ಬೇಜಾರಾಗುತ್ತಲ್ಲ ಅಂತ" ಎಂದು ಅಪ್ಪ ತಡವರಿಸಿದ.

"ಕ್ಲಿನಿಕ್ಕಿಂದ ಬಂದು ಕೈ ತೊಳೆಯೋ ಮುಂಚೆ ಒಂದು ಚೆಂಬು."

"ಅಯ್ಯೋ ಅತ್ತಿಗೆ, ನೀವು ಹೊಲಿಗೇಲಿ ಮುಳುಗಿರ್ತೀರ, ನಿಮಗೆಲ್ಲಿ ನೆನಪಿರುತ್ತೆ ಅಂತ!"

"ಮಾವ, ನೀವು..." ಅಮ್ಮನಿಗೆ ನಗು ತಡೆಯಲಾಗಲಿಲ್ಲ. "ನೀರೂ ಹಾಕಿ, ಮೇಲೆ ಟಾನಿಕ್ಕೂ ಹಾಕಿದ್ರಾ?"

"ಸಿಂಕಿಗೆ ಸುರಿದ್ರೆ ದಂಡ ಅಲ್ವೇನಮ್ಮಾ?" ಎಂದರು ತಾತ ಮುಖ ಹುಳ್ಳಗೆ ಮಾಡಿಕೊಂಡು. "ಗಿಡಾನಾದ್ರೂ ಗಟ್ಟಿಯಾಗ್ಲಿ ಅಂತ."

"ಅಪ್ಪಾ!" ಎಂದು ಅತ್ತೆ ಕೂಗಿದ ಕೂಗಿಗೆ ಎದುರು ಮನೆಯವರು ಕಿಟಕಿ ತೆರೆದರು. ಆಮೇಲೆ ನಕ್ಕರು ನೋಡಿ, ಮೊದಲು ಅಮ್ಮ, ಆಮೇಲೆ ಅತ್ತೆ, ಕೊನೆಗೆ ತಾತನೇ ಹೊಟ್ಟೆ ಹಿಡಿದುಕೊಂಡು. ಒಬ್ಬರಿಗೊಬ್ಬರು ಹೇಳದೆ, ಒಬ್ಬರ ಮರೆವನ್ನು ಇನ್ನೊಬ್ಬರು ತುಂಬಿಕೊಡುವ ಮನೆ ಅದು. ಹಾಗೆ ಎಲ್ಲರೂ ಉಪ್ಪು ಹಾಕಿದ ಸಾರನ್ನು ಎಷ್ಟೋ ಸಲ ಚೆಲ್ಲಿದ್ದುಂಟು. ಈ ಸಲ ಪಾಪದ ಗಿಡ ಸಿಕ್ಕಿಬಿದ್ದಿತ್ತು.

ಗುಬ್ಬಿಗೆ ಮಾತ್ರ ನಗು ಬರಲಿಲ್ಲ. ಅಮ್ಮ ಅವಳನ್ನು ತೊಡೆಗೆಳೆದುಕೊಂಡಳು. "ಎಲ್ಲಾ ನೋಡಿದ್ದೆ ಅಲ್ವಾ? ಯಾಕೆ ಕೇಳ್ಲಿಲ್ಲ ಅವರನ್ನ?"

"ಕೇಳಿದ್ರೆ ಅವರದ್ದು ತಪ್ಪು ಅಂತ ಹೇಳಿದ ಹಾಗಾಗುತ್ತೆ."

ಇದೇ ಗಂಟು, ಅಂದುಕೊಂಡಳು ಅಮ್ಮ. ಸುಕ್ಕು ಎಲ್ಲೆಲ್ಲೋ ಕಾಣುತ್ತಿತ್ತು, ಎಳೆತ ಇಲ್ಲಿತ್ತು.

ಚಿಕಿತ್ಸೆ ಅಂದೇ ನಡೆಯಿತು. ಅತ್ತೆ ಸ್ಪಿರಿಟ್ಟಿನಿಂದ ಹೊಲಿಗೆಯ ಕತ್ತರಿ ಒರೆಸಿಕೊಟ್ಟಳು, ಆಪರೇಷನ್ನಿಗೆ ನಿಂತ ನರ್ಸಿನ ಗತ್ತಿನಲ್ಲಿ. ಅಮ್ಮ ಕೊಳೆತ ಬೇರನ್ನೆಲ್ಲ ಕತ್ತರಿಸಿ, ಬಿಳಿಯದನ್ನು ಉಳಿಸಿ, ತೊಳೆದಳು. ಅಪ್ಪ ಬೇಕರಿಯಿಂದ ಬಿಸ್ಕತ್ತಿನ ಖಾಲಿ ಡಬ್ಬ ತಂದ. ತಾತ ಮೊಳೆ ಹಿಡಿದು ಅದರ ತಳಕ್ಕೆ ತೂತು ಹೊಡೆದರು. ಬೇಡವೆಂದರೂ ಇನ್ನೊಂದು, ಮತ್ತೊಂದು. ಮರಳು ಬೆರೆಸಿದ ಸಡಿಲ ಮಣ್ಣಲ್ಲಿ ಗಿಡ ಕೂತಿತು. ಉದ್ದದ ಬಳ್ಳಿಯೊಂದನ್ನು ಗೆಣ್ಣಿನ ಕೆಳಗೆ ಕತ್ತರಿಸಿ ಜಾಮಿನ ಬಾಟಲಿಯ ನೀರಲ್ಲಿ ಬೇರೆಯಾಗಿ ಇಟ್ಟರು.

"ಈ ಗಾಡಿಗೆ ಇನ್ಮೇಲೆ ಡ್ರೈವರ್ ಗುಬ್ಬಿ" ಎಂದು ತಾತ ಸಾರಿದರು. "ಅವಳ ಬೆರಳು ಹೂಂ ಅನ್ನೋವರೆಗೂ ಯಾರೂ ಒಂದು ಹನಿ ಹಾಕಂಗಿಲ್ಲ. ನಾನು ಕಂಡಕ್ಟರ್, ಕಾವಲಿರ್ತೀನಿ."

ಕಂಡಕ್ಟರೇ ಎರಡು ಸಲ ಲೋಟದ ಸಮೇತ ಸಿಕ್ಕಿಬಿದ್ದರು. ಅಭ್ಯಾಸಬಲ. ಗುಬ್ಬಿ ಲೋಟ ಇಸಿದುಕೊಂಡು ಅವರಿಗೇ ಕುಡಿಸುತ್ತಿದ್ದಳು. ದಿನಾ ಬೆಳಿಗ್ಗೆ ಹಲ್ಲುಜ್ಜುವ ಮುಂಚೆ ಬೆರಳು ಮಣ್ಣಿಗೆ ಹೋಗುತ್ತಿತ್ತು. ಒದ್ದೆಯಿದ್ದರೆ ಸುಮ್ಮನೆ, ಒಣಗಿದ್ದರೆ ಅಳತೆಯ ನೀರು, ತಳದಿಂದ ಹರಿದು ಬಂದದ್ದನ್ನು ಚೆಲ್ಲುವುದು. ಇನ್ನೂ ಒಂದೆರಡು ಎಲೆ ಉದುರಿದವು. ಗುಬ್ಬಿ ಬೆದರಿದಳು. "ಹಳೇ ಏಟು ಅದು" ಎಂದು ಅಮ್ಮ ಸಮಾಧಾನ ಹೇಳಿದಳು. ಆಮೇಲೆ ಉದುರುವುದು ನಿಂತಿತು. ಬಾಗಿದ ತೊಟ್ಟು ನಿಗುರಿತು. ಜಾಮಿನ ಬಾಟಲಿಯಲ್ಲಿ ಬಿಳಿಯ ಮೊಳಕೆ ಇಣುಕಿತು.

ಒಂದು ಬೆಳಿಗ್ಗೆ ಅಮ್ಮ ಹೊಲಿಗೆ ಯಂತ್ರದ ಮುಂದೆ ಕೂತಿದ್ದಾಗ ಗುಬ್ಬಿ ಮೊಣಕೈಯನ್ನು ಎಷ್ಟು ಜೋರಾಗಿ ಜಗ್ಗಿದಳೆಂದರೆ ಅಂಗಿಯ ಹೊಲಿಗೆ ಬೀದಿಯ ತಿರುವಿನಂತೆ ಅತ್ತ ಹೊರಳಿತು. ಬಳ್ಳಿಯ ತುದಿಯಲ್ಲಿ, ಸುರುಳಿ ಸುತ್ತಿದ ಹೊಸ ಎಲೆ! ಇನ್ನೂ ಬಿಚ್ಚಿಕೊಳ್ಳದ ತಿಳಿಹಸಿರು, ಸೂಜಿಯಂಥ ಚೂಪು. ತಾತ ಬಾಯಲ್ಲೇ ಹಾರ್ನ್ ಬಾರಿಸಿದರು. ಅತ್ತೆ ಕ್ಲಿನಿಕ್ಕಿಗೆ ತಡವಾದರೂ ಕೂತು ನೋಡಿದಳು. ಅಪ್ಪ ಸಂಜೆ ಒಂದು ಕೇಕು ತಂದ. ಅದರ ಮೇಲೆ ಕೆನೆಯಲ್ಲಿ ಎಲೆ ಬಿಡಿಸಿದ್ದ. ಎಲ್ಲರೂ ಅದನ್ನು ಮೀನು ಎಂದುಕೊಂಡರು, ಪಾಪ.

ರಜೆ ಮುಗಿಯುವ ಹಿಂದಿನ ದಿನ ಅಮ್ಮ ಪಿಂಗಾಣಿ ಕುಂಡವನ್ನು ತೊಳೆದು ಬೋರಲು ಹಾಕಿದ್ದಳು. ಗುಬ್ಬಿ ಅದರ ತಳವನ್ನು ಸವರಿದಳು. ತಿರುಗಿಸಿ ಒಳಗೆ ಇಣುಕಿದಳು. ಮತ್ತೆ ಸವರಿದಳು. ಬಂದು ಅಮ್ಮನ ಕಿವಿಗೆ ಬಾಯಿಟ್ಟಳು.

ಅಮ್ಮ ಕೇಳಿಸಿಕೊಂಡಳು. ಮೆಲ್ಲಗೆ ನಕ್ಕಳು. ಎಲ್ಲರೂ ನೀರು ಸುರಿದದ್ದು ನಿಜ, ಆದರೆ ಸುರಿದ ನೀರು ಹೊರಗೆ ಹೋಗಲು ದಾರಿ ಎಲ್ಲಿದೆ ಎಂದು ಅಷ್ಟು ಜನರಲ್ಲಿ ಯಾರೂ ಗಟ್ಟಿಯಾಗಿ ಕೇಳಿರಲಿಲ್ಲ.

"ಒಳ್ಳೇ ಪ್ರಶ್ನೆ" ಎಂದಳು. "ಆದ್ರೆ ಕುಂಡ ನಂದಲ್ಲ. ಟೀಚರನ್ನ ಕೇಳ್ಬೇಕು."

"ನೀನು ಕೇಳು."

ಹೂಂ ಎನ್ನಲು ಅಮ್ಮನ ನಾಲಿಗೆ ಆಗಲೇ ಹೊರಟಿತ್ತು. ಎಷ್ಟು ಸಲೀಸು! ಬಾಗಿಲಲ್ಲಿ ನಿಂತು ಎರಡು ಮಾತು. ಖಾಲಿ ಪುಟದ ಆ ಸಂಜೆ ನೆನಪಾಗಿ ನಾಲಿಗೆಯನ್ನು ತಡೆದಳು.

"ನಾನು ಬಾಗಿಲ ಹತ್ರ ನಿಂತಿರ್ತೀನಿ" ಎಂದಳು. "ಕೇಳೋದು ಮಾತ್ರ ನೀನೇ."

"ಟೀಚರ್‌ಗೆ ಬೇಜಾರಾದ್ರೆ? ಎಷ್ಟು ಇಷ್ಟಪಟ್ಟು ತಂದಿದ್ದು..."

"ಪ್ರಶ್ನೆ ಕೇಳೋದು ಬಯ್ಯೋದಲ್ಲ, ಬಂಗಾರ. ನೀನು ಮಣ್ಣಿಗೆ ಬೆರಳು ಹಾಕ್ತೀಯಲ್ಲ, ಗಿಡಕ್ಕೇನು ಬೇಜಾರಾಯ್ತಾ?"

"ನಾನೇ ಡ್ರಿಲ್ ಹಾಕಿ ಒಂದು ತೂತು ಹೊಡೆದುಬಿಡ್ತೀನಿ" ಎಂದು ತಾತ ಒಳಗಿಂದ ಕೂಗಿದರು.

"ಬಿರುಕು ಬಿಟ್ರೆ ಅಷ್ಟೂ ಮಕ್ಕಳ ಹೆಬ್ಬೆರಳು ಚೂರಾಗುತ್ತೆ ಮಾವ, ಸುಮ್ನಿರಿ!"

ಬೆಳಿಗ್ಗೆ ಗುಬ್ಬಿ ಡಬ್ಬವನ್ನು ಎದೆಗವಚಿಕೊಂಡು ಹೊರಟಳು. ಪಕ್ಕದಲ್ಲಿ ಕುಂಡ ಹಿಡಿದ ಅಮ್ಮ. ಬಳ್ಳಿಯ ತುದಿಯ ಹೊಸ ಎಲೆ ಪೂರ್ತಿ ಬಿಚ್ಚಿಕೊಂಡು, ಗುಬ್ಬಿಯ ಗಲ್ಲಕ್ಕೆ ತಾಗುತ್ತಿತ್ತು. ಗುಬ್ಬಿಯ ತುಟಿಗಳು ದಾರಿಯುದ್ದಕ್ಕೂ ಏನನ್ನೋ ಅಭ್ಯಾಸ ಮಾಡುತ್ತಿದ್ದವು.

ತರಗತಿಯಲ್ಲಿ ಮಕ್ಕಳು ಮುತ್ತಿಕೊಂಡರು. "ಹೊಸ ಎಲೆ ಬಂದಿದೆ!" "ಇದ್ಯಾಕೆ ಬಿಸ್ಕತ್ತು ಡಬ್ಬದಲ್ಲಿದೆ?" "ತಿನ್ನೋದಾ?" ಟೀಚರು ಬಗ್ಗಿ ಎಲೆ ಮುಟ್ಟಿ ನೋಡಿದರು, ಮುಖ ಅರಳಿತು. "ಎಷ್ಟು ಚೆನ್ನಾಗಿ ನೋಡ್ಕೊಂಡಿದ್ದೀಯಾ! ಎಲ್ಲರೂ ಚಪ್ಪಾಳೆ ಹೊಡೀರಿ ನೋಡೋಣ." ಚಪ್ಪಾಳೆಗೆ ಗುಬ್ಬಿಯ ಕಿವಿ ಕೆಂಪಾಯಿತು.

"ಸರಿ, ಈಗ ಗಿಡಾನ ಅದರ ಚೆಂದದ ಮನೆಗೆ ಸೇರಿಸೋಣ" ಎಂದು ಟೀಚರು ಅಮ್ಮನ ಕೈಯಿಂದ ಕುಂಡ ತೆಗೆದುಕೊಂಡು ಮೇಜಿನ ಮೇಲಿಟ್ಟು, ಡಬ್ಬದ ಗಿಡವನ್ನು ಮಣ್ಣಿನ ಸಮೇತ ಅದಕ್ಕಿಳಿಸಿದರು. "ನೀರು ಯಾರು ಹಾಕ್ತೀರಿ?"

ಬಾಟಲಿಗಳು ತೆರೆದುಕೊಂಡವು. ನಾನು, ನಾನು, ನಾನು. ಒಂದು ಬಾಟಲಿ ಆಗಲೇ ಕುಂಡದ ಮೇಲೆ ಓರೆಯಾಗಿತ್ತು.

ಗುಬ್ಬಿ ಸರಕ್ಕನೆ ಹಿಂದೆ ತಿರುಗಿದಳು. ಬಾಗಿಲಲ್ಲಿದ್ದ ಅಮ್ಮನ ಬಳಿಗೆ ಓಡಿ ಬಂದು ಮೊಣಕೈ ಜಗ್ಗಿದಳು. ಅಮ್ಮನ ಸೊಂಟ ತಾನಾಗಿ ಬಗ್ಗಲು ಹೊರಟಿತು. ಇಷ್ಟು ವರ್ಷದ ಅಭ್ಯಾಸ, ಕೇಳುತ್ತದೆಯೇ? ಅವಳು ಬಾಗಿಲ ಚೌಕಟ್ಟಿಗೆ ಬೆನ್ನು ಒತ್ತಿ ನೆಟ್ಟಗೆ ನಿಂತಳು. ಮನೆಯಲ್ಲಿ ಜಾಮಿನ ಬಾಟಲಿಯಲ್ಲೊಂದು ಬಳ್ಳಿ ಇದೆ, ಇದು ಹೋದರೂ ಅದು ಉಳಿಯುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು. ಮಗಳ ಕಣ್ಣನ್ನೇ ನೋಡುತ್ತಾ, ಅವಳ ತೋರುಬೆರಳನ್ನು ಹಿಡಿದು ಒಮ್ಮೆ ಅದುಮಿ ಬಿಟ್ಟಳು. ಉಗುರಿನ ಸಂದಿಯಲ್ಲಿ ಬೆಳಗಿನ ಮಣ್ಣು ಇನ್ನೂ ಇತ್ತು.

ಗುಬ್ಬಿ ಬೆರಳನ್ನು ನೋಡಿದಳು. ಅಮ್ಮನನ್ನು ನೋಡಿದಳು. ತಿರುಗಿ ಮೇಜಿನ ಬಳಿ ನಡೆದಳು. ಹೋಗಿ, ಓರೆಯಾದ ಬಾಟಲಿಯ ಬಾಯಿಗೆ ಅಂಗೈ ಅಡ್ಡ ಹಿಡಿದಳು. ಇನ್ನೊಂದು ಕೈ ಮೇಲೆದ್ದಿತು. ಮೊದಲು ಭುಜದವರೆಗೆ, ಆಮೇಲೆ ಕಿವಿಯವರೆಗೆ, ಆಮೇಲೆ ಇಡೀ ತರಗತಿಗೆ ಕಾಣುವಷ್ಟು ಎತ್ತರಕ್ಕೆ, ಮಣ್ಣು ಮೆತ್ತಿದ ತೋರುಬೆರಳು ಚಾವಣಿಗೆ ನೆಟ್ಟು.

ಟೀಚರು ಅವಳ ಕಡೆ ತಿರುಗಿದರು. ಬಾಟಲಿಗಳು ಹಿಂದೆ ಸರಿದವು.

"ಟೀಚರ್" ಎಂದಿತು ಒಂದು ದನಿ. ಹಿಂದಿನ ಬೆಂಚಿಗೂ ಕೇಳುವಂಥ, ಅಮ್ಮನ ಕಿವಿಯೇ ಇದುವರೆಗೆ ಕೇಳಿರದಂಥ, ತುಂಬಿದ ದನಿ. "ಟೀಚರ್, ಈ ಕುಂಡಕ್ಕೆ ತೂತು ಯಾಕಿಲ್ಲ?"